ಪೀಸ್ ನದಿಯಲ್ಲಿ ಶಾರ್ಕ್ ಹಲ್ಲು: ಜರಡಿ ಕಟ್ಟುವುದರಿಂದ ಚೀಟಿ ಬರೆಯುವವರೆಗೆ

ಫ್ಲೋರಿಡಾದ ಪೀಸ್ ನದಿಗೆ ಒಂದು ಸಲಿಕೆ, ಒಂದು ಜರಡಿ ಹಿಡಿದು ಇಳಿದವರಿಗೆ ಸಾಮಾನ್ಯವಾಗಿ ಮೊದಲ ದಿನವೇ ಪಳೆಯುಳಿಕೆಯಾದ ಶಾರ್ಕ್ ಹಲ್ಲು ಸಿಗುತ್ತದೆ. ಕಷ್ಟ ಇರುವುದು ಆಮೇಲೆ. ಸಿಕ್ಕಿದ್ದು ಯಾವ ಶಾರ್ಕಿನದು, ಬಾಯಿಯ ಯಾವ ಭಾಗದ್ದು, ನದಿಯ ಯಾವ ತಿರುವಿನಲ್ಲಿ ಸಿಕ್ಕಿತು ಎಂಬುದನ್ನು ಹತ್ತು ವರ್ಷದ ನಂತರವೂ ಹೇಳುವಂತಿರಬೇಕು. ಆ ಮಾಹಿತಿ ಕಳೆದುಹೋದ ಹಲ್ಲು ಚೆಂದದ ಕಪ್ಪು ಕಲ್ಲು, ಅಷ್ಟೆ. ಈ ಮಾರ್ಗದರ್ಶಿಯಲ್ಲಿ ಗುರುತಿಸುವಿಕೆಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಶಾರ್ಕಿನ ಅಸ್ಥಿಪಂಜರ ಪೂರ್ತಿ ಮೃದ್ವಸ್ಥಿ, ನಮ್ಮ ಹೊರಕಿವಿಯಂಥದ್ದು. ಸತ್ತ ಮೇಲೆ ಅದು ಉಳಿಯುವುದು ಅಪರೂಪ. ಹಲ್ಲಿನ ಹೊರಪದರ ಮಾತ್ರ ಫ್ಲೋರಿನ್ ಬೆರೆತ ಅಪಟೈಟ್ ಖನಿಜದಿಂದ ಆಗಿರುವುದರಿಂದ ಬಹಳ ಗಟ್ಟಿ. ಜೊತೆಗೆ ಶಾರ್ಕ್ ಜೀವನವಿಡೀ ಹಲ್ಲು ಉದುರಿಸುತ್ತಲೇ ಇರುತ್ತದೆ. ಹಿಂದಿನ ಸಾಲಿನದು ಮುಂದಕ್ಕೆ ಸರಿದು ಬಿದ್ದ ಹಲ್ಲಿನ ಜಾಗ ತುಂಬುತ್ತದೆ. ಒಂದೇ ಮೀನು ಸಾವಿರಾರು ಹಲ್ಲು ಉದುರಿಸಿ ಹೋಗಿರಬಹುದು. ಮಯೋಸೀನ್ ಯುಗದಲ್ಲಿ, ಅಂದರೆ ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷಗಳ ಹಿಂದೆ, ಫ್ಲೋರಿಡಾವನ್ನು ಆಗಾಗ ಆಳವಿಲ್ಲದ ಬೆಚ್ಚನೆಯ ಕಡಲು ಮುಚ್ಚುತ್ತಿತ್ತು. ಅದರ ತಳದಲ್ಲಿ ಕೂತ ಫಾಸ್ಫೇಟ್ ಪದರಗಳನ್ನು ಪೀಸ್ ನದಿ ಇಂದಿಗೂ ಕೊರೆಯುತ್ತಿದೆ. ಬಾರ್ಟೋ ಊರಿನ ಆಸುಪಾಸಿನಲ್ಲಿ ಗೊಬ್ಬರಕ್ಕಾಗಿ ಗಣಿ ತೋಡುವುದೂ ಇದೇ ಫಾಸ್ಫೇಟನ್ನು. ಹಲ್ಲುಗಳು ಕಪ್ಪು, ಬೂದು ಬಣ್ಣಕ್ಕೆ ತಿರುಗಿರುವುದು ಅವು ಹೂತಿದ್ದ ಮಣ್ಣಿನ ಖನಿಜಗಳಿಂದ. ಬಣ್ಣ ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ.

ಮೊದಲು ಕಾನೂನು

ಫ್ಲೋರಿಡಾದಲ್ಲಿ ಸರ್ಕಾರಿ ಜಾಗದಿಂದ, ಅಂದರೆ ಇಂಥ ನದಿಯ ತಳದಿಂದಲೂ, ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆ ತೆಗೆಯಲು ಪರವಾನಗಿ ಬೇಕು. ಶಾರ್ಕ್ ಹಲ್ಲಿಗೆ ಮಾತ್ರ ವಿನಾಯಿತಿ ಇದೆ. ಆದರೆ ಜರಡಿಗೆ ಈ ವಿನಾಯಿತಿ ಗೊತ್ತಾಗುವುದಿಲ್ಲ: ಅದೇ ಜಲ್ಲಿಯಲ್ಲಿ ಮ್ಯಾಮತ್ ಹಲ್ಲಿನ ಚೂರು, ಕುದುರೆಯ ದವಡೆ ಹಲ್ಲು, ಕಡಲಹಸುವಿನ ಪಕ್ಕೆಲುಬು, ಆಮೆಯ ಚಿಪ್ಪು ಎಲ್ಲ ಬರುತ್ತವೆ. ಅವನ್ನು ಜೇಬಿಗೆ ಹಾಕಿಕೊಂಡ ಕ್ಷಣ ಪರವಾನಗಿ ಇರಬೇಕು. ಗೇನ್ಸ್‌ವಿಲ್‌ನಲ್ಲಿರುವ ಫ್ಲೋರಿಡಾ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಅಲ್ಪ ಶುಲ್ಕಕ್ಕೆ ಇದನ್ನು ಕೊಡುತ್ತದೆ. ಮೊದಲ ಸಲ ಹೋಗುವ ಮುನ್ನವೇ ತೆಗೆದುಕೊಂಡುಬಿಡಿ.

ಬಾಣದ ಮೊನೆ, ಮಡಕೆ ಚೂರಿನಂಥ ಮನುಷ್ಯ ಮಾಡಿದ ವಸ್ತು ಸಿಕ್ಕರೆ ಇದ್ದಲ್ಲೇ ಬಿಡಬೇಕು. ದಂಡೆ ಅಗೆಯಬಾರದು, ಹೆಚ್ಚಿನ ಕಡೆ ಅದು ಖಾಸಗಿ ಜಮೀನು, ಮೇಲಾಗಿ ಅಗೆದರೆ ಕುಸಿಯುತ್ತದೆ. ಕೈಯುಪಕರಣ ಬಿಟ್ಟು ಪಂಪು, ಯಂತ್ರ ಯಾವುದನ್ನೂ ತರಬೇಡಿ.

ಯಾವಾಗ ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ನದಿ ಏರಿ, ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಡಿಸೆಂಬರ್‌ನಿಂದ ಮೇ ತನಕ ಒಳ್ಳೆಯ ಕಾಲ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ನೀರಿನ ಮಟ್ಟದ ಮಾಪಕಗಳು ಝೋಲ್ಫೋ ಸ್ಪ್ರಿಂಗ್ಸ್ ಮತ್ತು ಆರ್ಕೇಡಿಯಾದಲ್ಲಿವೆ. ಅಂಕಿ ಅಂತರ್ಜಾಲದಲ್ಲಿ ದಿನವಿಡೀ ಸಿಗುತ್ತದೆ. ಹೊರಡುವ ಹಿಂದಿನ ದಿನ ನೋಡಿ, ಹೋಗಿ ಬಂದ ದಿನದ ಅಂಕಿಯನ್ನು ಬರೆದಿಡಿ. ನಾಲ್ಕು ಸಲ ಹೀಗೆ ಮಾಡಿದರೆ ನಿಮ್ಮ ಜಾಗಕ್ಕೆ ಯಾವ ಮಟ್ಟ ಸರಿ ಎಂದು ತಿಳಿಯುತ್ತದೆ. ಮೊಣಕಾಲಿನಿಂದ ತೊಡೆಯವರೆಗಿನ ನೀರು ಹದ. ಸೊಂಟ ದಾಟಿದರೆ ಸಲಿಕೆಯ ಮೇಲೆ ಕಾಲಿನ ಭಾರ ಬೀಳುವುದಿಲ್ಲ, ಎತ್ತಿದ ಜಲ್ಲಿ ದಾರಿಯಲ್ಲೇ ತೊಳೆದುಹೋಗುತ್ತದೆ.

ಜರಡಿ ಕಟ್ಟುವುದು

ಅಂಗಡಿಯ ಜರಡಿಗಿಂತ ಮನೆಯಲ್ಲಿ ಕಟ್ಟಿದ್ದು ಹೆಚ್ಚು ಬಾಳುತ್ತದೆ.

1. ಸುಮಾರು 2 ಸೆಂ.ಮೀ. ದಪ್ಪ, 9 ಸೆಂ.ಮೀ. ಅಗಲದ ಪೈನ್ ಹಲಗೆಯನ್ನು 45 ಸೆಂ.ಮೀ.ನ ನಾಲ್ಕು ತುಂಡು ಮಾಡಿ. ಮೂಲೆಗೆ ಎರಡರಂತೆ 4 ಸೆಂ.ಮೀ. ಸ್ಕ್ರೂ ಹಾಕಿ ಚೌಕಟ್ಟು ಕೂಡಿಸಿ. ಮೊಳೆ ಬೇಡ, ಮರ ನೆನೆದು ಒಣಗುವಾಗ ಮೊಳೆ ಸಡಿಲವಾಗುತ್ತದೆ.

2. ತಳಕ್ಕೆ ಕಾಲು ಇಂಚು ಕಣ್ಣಿನ, ಅಂದರೆ ಸುಮಾರು 6 ಮಿ.ಮೀ.ನ ಸತು ಲೇಪಿತ ಕಬ್ಬಿಣದ ಜಾಲರಿ. ಚೌಕಟ್ಟಿನ ಹೊರಗೆರೆಯಷ್ಟೇ ಕತ್ತರಿಸಿ, 5 ಸೆಂ.ಮೀ.ಗೊಂದು ಸ್ಟೇಪಲ್ ಹೊಡೆಯಿರಿ.

3. ಸ್ಟೇಪಲ್‌ಗಳ ಮೇಲೆ ತೆಳು ಮರದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಿರಿ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಒದ್ದೆ ಜಲ್ಲಿಯ ಭಾರ, ಅಲುಗಾಟದ ಎಳೆತ ಎರಡೂ ಸೇರಿ ಬರೀ ಸ್ಟೇಪಲ್‌ಗಳನ್ನು ಒಂದೆರಡು ಗಂಟೆಯಲ್ಲಿ ಕೀಳುತ್ತವೆ. ಪಟ್ಟಿ ಇದ್ದರೆ ಭಾರ ಹಂಚಿಹೋಗುತ್ತದೆ, ಕತ್ತರಿಸಿದ ತಂತಿ ತುದಿಗಳು ಕೈಗೂ ಚುಚ್ಚುವುದಿಲ್ಲ.

4. ಈಜುಕೊಳದಲ್ಲಿ ಮಕ್ಕಳು ಹಿಡಿಯುವ ಉದ್ದನೆಯ ಫೋಮ್ ಕೊಳವೆಯನ್ನು ನಾಲ್ಕು ತುಂಡು ಮಾಡಿ ಚೌಕಟ್ಟಿನ ಹೊರಬದಿಗೆ ಪ್ಲಾಸ್ಟಿಕ್ ಟೈನಿಂದ ಕಟ್ಟಿ. ಜರಡಿ ತೇಲುತ್ತದೆ, ಎರಡು ಕೈಯೂ ಸಲಿಕೆಗೆ ಸಿಗುತ್ತವೆ. ಒಂದು ಮೂಲೆಗೆ ಹಗ್ಗ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಇಲ್ಲದಿದ್ದರೆ ಸೆಳವು ಅದನ್ನು ಒಯ್ಯುತ್ತದೆ.

3 ಮಿ.ಮೀ. ಕಣ್ಣಿನ ಜಾಲರಿ ಹಾಕಿದರೆ ಸಣ್ಣ ಹಲ್ಲುಗಳೂ ಸಿಗುತ್ತವೆ, ನಿಜ. ಆದರೆ ಮರಳಿನಿಂದ ಬೇಗ ಕಟ್ಟಿಕೊಳ್ಳುತ್ತದೆ. ಸಣ್ಣವು ಬೇಕಿದ್ದರೆ ಒಂದು ಡಬ್ಬಿ ಜಲ್ಲಿಯನ್ನು ಮನೆಗೆ ತಂದು ಅಡುಗೆಮನೆಯ ಜರಡಿಯಲ್ಲಿ ಶೋಧಿಸುವುದೇ ಮೇಲು.

ಜತೆಗೆ ಉದ್ದ ಹಿಡಿಯ, ಚೂಪು ಬಾಯಿಯ ಸಲಿಕೆ, 1.2 ಮೀಟರ್ ಉದ್ದದ, ಬೆರಳು ದಪ್ಪದ ಕಬ್ಬಿಣದ ಸರಳು. ಬೆರಳು ಮುಚ್ಚುವ ಗಟ್ಟಿ ಅಟ್ಟೆಯ ನೀರುಬೂಟು. ಮುಚ್ಚಳ ಭದ್ರವಾಗಿರುವ ಡಬ್ಬಿ. ತೆರೆದ ಜೇಬಿನಲ್ಲಿಟ್ಟ ಹಲ್ಲು ಬಗ್ಗಿದಾಗ ನದಿಗೇ ವಾಪಸ್.

ಜಲ್ಲಿ ಹುಡುಕುವುದು

ನದಿಯ ತಳ ಬಹುಪಾಲು ಬರೀ ಮರಳು. ಮರಳಲ್ಲಿ ಎಷ್ಟು ಶೋಧಿಸಿದರೂ ಬೆನ್ನು ನೋವಷ್ಟೇ ಲಾಭ. ಹಲ್ಲು ಭಾರದ ವಸ್ತು. ಹರಿವು ಅದನ್ನು ತನ್ನಷ್ಟೇ ಭಾರದ ಕಲ್ಲುಗಳ ಜತೆ ಗುಡ್ಡೆ ಹಾಕುತ್ತದೆ. ಆದ್ದರಿಂದ ಮೊದಲು ಸರಳು, ಆಮೇಲೆ ಸಲಿಕೆ.

ಸರಳನ್ನು ಎರಡು ಹೆಜ್ಜೆಗೊಮ್ಮೆ ತಳಕ್ಕೆ ಒತ್ತಿ. ಮರಳಾದರೆ ಬೆಣ್ಣೆಗೆ ಚಾಕು ಹೋದಂತೆ ಸದ್ದಿಲ್ಲದೆ ಇಳಿಯುತ್ತದೆ. ಜೇಡಿಯಾದರೆ ಇಳಿದು ಅಂಟಿಕೊಳ್ಳುತ್ತದೆ, ಎಳೆಯುವಾಗ ಹಿಡಿದೆಳೆದ ಹಾಗಾಗುತ್ತದೆ. ಜಲ್ಲಿ ಸಿಕ್ಕಾಗ ಕರಕರ ಸದ್ದು ಸರಳಿನ ಮೂಲಕ ಅಂಗೈಗೇ ಬರುತ್ತದೆ. ಆ ಕರಕರ ಮರಳಿನ ಒಂದಡಿ ಕೆಳಗೂ ಇರಬಹುದು. ತಿರುವಿನ ಒಳಬದಿ, ಬಿದ್ದ ಮರದ ಕೆಳಹರಿವು, ಆಳದಿಂದ ತೆಳುವಿಗೆ ನೀರು ಏರುವ ಜಾಗ, ಇವು ಮೊದಲು ನೋಡಬೇಕಾದವು. ಕಡಲೆಯಿಂದ ನಿಂಬೆ ಗಾತ್ರದವರೆಗಿನ ಕಪ್ಪು ಫಾಸ್ಫೇಟ್ ಹರಳು, ಎಲುಬಿನ ಚೂರು ಬೆರೆತ ಜಲ್ಲಿ ಸಿಕ್ಕರೆ ಅಲ್ಲೇ ನಿಲ್ಲಿ. ಮೂರು ಜರಡಿಯಲ್ಲಿ ಒಂದೂ ಹಲ್ಲು ಬಾರದಿದ್ದರೆ ಜಾಗ ಬದಲಿಸಿ.

ಮೇಲಿನ ಮರಳು ತಳ್ಳಿ, ಜಲ್ಲಿಯ ಕೆಳಗಿನ ಜೇಡಿ ತಾಕುವವರೆಗೂ ತೋಡಿ. ದೊಡ್ಡ ಹಲ್ಲುಗಳು ಜೇಡಿಯ ಮೇಲೆಯೇ ಕೂತಿರುತ್ತವೆ. ಮೇಲೆ ಮೇಲೆ ಕೆರೆದು ಹೋದವರು ಅವನ್ನು ಬಿಟ್ಟು ಹೋಗುತ್ತಾರೆ. ಜರಡಿಯನ್ನು ಗುಂಡಿಯ ಕೆಳಹರಿವಿಗೆ ಇಡಿ, ಕೆಸರು ನಿಮ್ಮಿಂದ ದೂರ ಹೋಗಲಿ. ಒಮ್ಮೆಗೆ ಎರಡೇ ಸಲಿಕೆ. ನೀರಲ್ಲೇ ಇಟ್ಟು ಎಡಬಲ ಅಲುಗಿಸಿ, ಮರಳು ಇಳಿದ ಮೇಲೆ ಎತ್ತಿ, ಕಲ್ಲುಗಳನ್ನು ಒಂದೇ ಪದರವಾಗಿ ಹರಡಿ. ಬಿಸಿಲಿಗೆ ಬೆನ್ನು ಹಾಕಿ ನೋಡಿ. ಇಲ್ಲಿ ಎಲ್ಲವೂ ಕಪ್ಪೇ, ಹಾಗಾಗಿ ಬಣ್ಣ ಹುಡುಕಿದರೆ ಕಣ್ಣು ಮೋಸ ಹೋಗುತ್ತದೆ. ಒಂದೇ ತುಂಡಿನಲ್ಲಿ ಎರಡು ಮೈ ಹುಡುಕಿ: ಒಂದು ಭಾಗ ಮೆರುಗು ಹಾಕಿದಂತೆ ಹೊಳೆಯುತ್ತದೆ, ಇನ್ನೊಂದು ಮಂಕಾಗಿ ಸಣ್ಣ ರಂಧ್ರಗಳಿಂದ ಕೂಡಿರುತ್ತದೆ. ಹೊಳೆಯುವುದು ಹಲ್ಲಿನ ತಲೆ, ಮಂಕಾದದ್ದು ಬೇರು. ಒಮ್ಮೆ ನೋಡಿದ ಜರಡಿಯನ್ನು ತಿರುವಿ ಮತ್ತೊಮ್ಮೆ ನೋಡದೆ ಚೆಲ್ಲಬೇಡಿ.

ಈ ನದಿಯಲ್ಲಿ ಆಲಿಗೇಟರ್ ಮೊಸಳೆಗಳಿವೆ. ಮುಸ್ಸಂಜೆ ಮತ್ತು ಬೆಳಗಿನ ಜಾವ ನೀರಲ್ಲಿರಬೇಡಿ, ಒಬ್ಬರೇ ಹೋಗಬೇಡಿ, ನಾಯಿ ಕರೆದೊಯ್ಯಬೇಡಿ. ನಿಮ್ಮನ್ನು ಕಂಡೂ ಸರಿಯದೆ ಕೂತ ಮೊಸಳೆ ಇದ್ದರೆ ಆ ಜಾಗ ಅದಕ್ಕೇ ಬಿಡಿ. ತೋಡಿದ ಗುಂಡಿಯನ್ನು ಮುಚ್ಚಿ ಹೊರಡಿ. ಕೆಸರು ನೀರಿನಡಿಯ ಗುಂಡಿಗೆ ಮುಂದೆ ಬರುವವರ ಕಾಲು ಸಿಕ್ಕಿ ಉಳುಕುತ್ತದೆ.

ಗುರುತಿಸುವುದು: ಬೇರಿನಿಂದ ಶುರುಮಾಡಿ

ಹೊಸಬರು ಗಾತ್ರ ಮತ್ತು ಆಕಾರದಿಂದ ಶುರುಮಾಡುತ್ತಾರೆ. ಅಲ್ಲೇ ತಪ್ಪು. ಒಂದೇ ಶಾರ್ಕಿನ ಮೇಲ್ದವಡೆ, ಕೆಳದವಡೆ, ಮುಂಭಾಗ, ಮೂಲೆ, ಇವೆಲ್ಲದರ ಹಲ್ಲೂ ಬೇರೆ ಬೇರೆ ಆಕಾರದವು. ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಚಿಕ್ಕ ತಾಟೆ ಮೀನು, ಅಂದರೆ ಶಾರ್ಕ್, ಕಂಡರೆ ಮಾರುವವರ ಅನುಮತಿ ಕೇಳಿ ಬಾಯಿ ಬಿಡಿಸಿ ನೋಡಿ: ಮುಂದೆ ನಿಂತ ಒಂದು ಸಾಲು, ಅದರ ಹಿಂದೆ ಒಳಕ್ಕೆ ಮಡಚಿ ಮಲಗಿದ ಸಾಲುಗಳು, ಮೂಲೆಗೆ ಹೋದಂತೆ ಗಿಡ್ಡವಾಗಿ ಓರೆಯಾಗುವ ಮೊನೆಗಳು. ಪುಸ್ತಕದ ಹತ್ತು ಪುಟ ಓದಿದ್ದಕ್ಕಿಂತ ಇದು ಮನಸ್ಸಿನಲ್ಲಿ ನಿಲ್ಲುತ್ತದೆ.

ಹಲ್ಲನ್ನು 10 ಪಟ್ಟು ಹಿಗ್ಗಿಸುವ ಲೂಪಿನ ಕೆಳಗೆ ಹಿಡಿದು ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ.

ಯಾವ ಮುಖ? ಚಪ್ಪಟೆಯಾಗಿರುವುದು ತುಟಿಯ ಕಡೆ, ಉಬ್ಬಿದ್ದು ನಾಲಗೆಯ ಕಡೆ. ಮುಂದಿನ ಪ್ರಶ್ನೆಗಳಿಗೆ ಉತ್ತರ ಹೆಚ್ಚಾಗಿ ಸಿಗುವುದು ನಾಲಗೆಯ ಕಡೆಯಲ್ಲೇ.

ಬೇರಿನ ನಡುವೆ ಗೆರೆಯಂಥ ತೋಡು ಇದೆಯೇ? ರಕ್ತನಾಳ ಒಳಹೋಗುತ್ತಿದ್ದ ಜಾಗ ಅದು. ಹುಲಿ ಶಾರ್ಕ್, ಹೆಮಿಪ್ರಿಸ್ಟಿಸ್, ಕಾರ್ಕರೈನಸ್, ನಿಂಬೆ ಶಾರ್ಕ್, ಮರಳು ಶಾರ್ಕ್‌ಗಳಲ್ಲಿ ಇರುತ್ತದೆ. ಮೆಗಲೊಡಾನ್, ಮೇಕೋ, ದೊಡ್ಡ ಬಿಳಿ ಶಾರ್ಕ್‌ಗಳಲ್ಲಿ ಇಲ್ಲ.

ಅಂಚು ನಯವೋ, ಗರಗಸವೋ? ಉಗುರನ್ನು ಅಂಚಿನುದ್ದ ಎಳೆದರೆ ತಿಳಿಯುತ್ತದೆ. ನದಿಯಲ್ಲಿ ಉರುಳಿದ ಹಲ್ಲಿನ ಗರಗಸ ತೇದುಹೋಗಿರಬಹುದು. ಬುಡದ ಮೂಲೆಯಲ್ಲಿ ಒಂದೆರಡು ಕಚ್ಚಾದರೂ ಉಳಿದಿರುತ್ತವೆ, ಅಲ್ಲಿ ಹುಡುಕಿ.

ಮುಖ್ಯ ಮೊನೆಯ ಪಕ್ಕ ಸಣ್ಣ ಮೊನೆಗಳಿವೆಯೇ? ತಲೆ ಮತ್ತು ಬೇರಿನ ನಡುವೆ ಬೇರೆ ಬಣ್ಣದ, ಮೆರುಗಿಲ್ಲದ ಪಟ್ಟಿ ಇದೆಯೇ? ಆ ಪಟ್ಟಿಯನ್ನು ಸಂಗ್ರಾಹಕರು ಬೂರ್ಲೆಟ್ ಎನ್ನುತ್ತಾರೆ.

ಈಗ ಪೀಸ್ ನದಿಯಲ್ಲಿ ನಿಜವಾಗಿ ಸಿಗುವವು. ಅತಿ ಹೆಚ್ಚು ಬರುವುದು ಕಾರ್ಕರೈನಸ್ ಗುಂಪಿನ ಹಲ್ಲು: ಮೇಲಿನದು ಅಗಲ ತ್ರಿಕೋನ, ಗರಗಸದ ಅಂಚು, ಕೆಳಗಿನದು ಸಪೂರ, ನೆಟ್ಟಗೆ. ಇವುಗಳ ಜಾತಿ ಹೇಳುವುದು ಪರಿಣತರಿಗೂ ಕಷ್ಟ. ಚೀಟಿಯಲ್ಲಿ "ಕಾರ್ಕರೈನಸ್ ಗುಂಪು" ಎಂದು ಬರೆದು ನಿಲ್ಲಿಸಿ. ಊಹಿಸಿ ಹೆಸರು ಬರೆಯುವುದಕ್ಕಿಂತ ಇದು ಪ್ರಾಮಾಣಿಕ.

ನಿಂಬೆ ಶಾರ್ಕಿನದು ತಲೆಕೆಳಗಾದ ಇಂಗ್ಲಿಷ್ ಟೀ ಅಕ್ಷರದಂತೆ: ನೇರ, ಅಗಲ ಬೇರಿನ ಮೇಲೆ ನಯ ಅಂಚಿನ ಸಪೂರ ಮೊನೆ. ಹುಲಿ ಶಾರ್ಕಿನದು ಕೋಳಿಯ ಜುಟ್ಟಿನಂತೆ ಒಂದು ಬದಿಗೆ ವಾಲಿ, ವಾಲಿದ ಬದಿಯಲ್ಲಿ ಆಳವಾದ ಕಚ್ಚು. ಅದರ ದೊಡ್ಡ ಗರಗಸ ಹಲ್ಲುಗಳ ಮೇಲೆಯೇ ಸಣ್ಣ ಹಲ್ಲುಗಳಿರುವುದು ಲೂಪಿನಲ್ಲಿ ಕಾಣುತ್ತದೆ. ಮೊನೆ ಸಪೂರವಾಗಿ ತಿರುಚಿಕೊಂಡಿದ್ದರೆ ಅದು ಹುಲಿ ಶಾರ್ಕ್ ಅಲ್ಲ, ಫೈಸೊಗೇಲಿಯಸ್ ಕಂಟಾರ್ಟಸ್ ಎಂಬ ಬೇರೆ ಶಾರ್ಕಿನದು. ಮರಳು ಶಾರ್ಕಿನದು ಉದ್ದನೆಯ ಸೂಜಿಮೊನೆ, ಕವಣೆಕೋಲಿನಂತೆ ಕವಲೊಡೆದ ಬೇರು. ಪಕ್ಕದ ಪುಟ್ಟ ಮೊನೆಗಳು ನದಿಯಲ್ಲಿ ಮುರಿದಿರುವುದೇ ಹೆಚ್ಚು.

ಹೆಮಿಪ್ರಿಸ್ಟಿಸ್ ಸೆರ್ರಾ ಹಲ್ಲನ್ನು ಸಮೀಪದಿಂದ ನೋಡಬೇಕು. ಮೇಲ್ದವಡೆಯ ಒಂದನ್ನು, ಮೂರು ಸೆಂ.ಮೀ.ನದೆಂದುಕೊಳ್ಳಿ, ಬೆಳಕಿಗೆ ಹಿಡಿಯಿರಿ. ಮೈ ಬಾಳೆಹಣ್ಣಿನಂತೆ ಹಿಂದಕ್ಕೆ ಬಾಗಿದೆ. ಒಳಬಾಗಿನ ಅಂಚಿನಲ್ಲಿ ಬರಿಗಣ್ಣಿಗೇ ಎಣಿಸಬಹುದಾದ ಒರಟು ಗರಗಸ, ಹೊರಬಾಗಿನಲ್ಲಿ ಸಣ್ಣದು. ಎರಡೂ ಮೇಲೇರುತ್ತ ಹೋಗಿ ತುದಿಗೆ ಸ್ವಲ್ಪ ಮುಂಚೆ ನಿಂತುಬಿಡುತ್ತವೆ. ಕೊನೆಯ ಮೊನೆ ಸಂಪೂರ್ಣ ನಯ. ತಿರುವಿದರೆ ಬೇರಿನ ನಡುವೆ ಗಂಟಿನಂಥ ಉಬ್ಬು, ಅದನ್ನು ಸೀಳಿದ ತೋಡು. ತುದಿಯ ಆ ನಯವಾದ ಭಾಗವೇ ಇದರ ಸಹಿ. ಇದೇ ಮೀನಿನ ಕೆಳದವಡೆಯ ಮುಂಭಾಗದ ಹಲ್ಲು ಮಾತ್ರ ದಬ್ಬಳದಂತೆ ಸಪೂರ, ಗರಗಸವಿದ್ದರೆ ಬುಡದಲ್ಲಷ್ಟೇ. ಎಷ್ಟೋ ಸಂಗ್ರಹಗಳಲ್ಲಿ ಇವೆರಡೂ ಬೇರೆ ಬೇರೆ ಹೆಸರಿನಲ್ಲಿ ಕೂತಿರುತ್ತವೆ.

ಎಲ್ಲರಿಗೂ ಬೇಕಾದ್ದು ಮೆಗಲೊಡಾನ್, ಶಾಸ್ತ್ರೀಯವಾಗಿ ಓಟೋಡಸ್ ಮೆಗಲೊಡಾನ್. ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿಯಿತು. ಅತಿ ದೊಡ್ಡ ಹಲ್ಲುಗಳು 7 ಇಂಚಿನ ಹತ್ತಿರ ಬರುತ್ತವೆ, ಆದರೆ ಈ ನದಿಯಲ್ಲಿ ಸಿಗುವುದರಲ್ಲಿ ಚೂರುಗಳೇ ಜಾಸ್ತಿ. ಚೂರಿನಲ್ಲಿ ಮೂರು ಗುರುತು: ದಪ್ಪ ಮೈ, ಅಂಚೆಚೀಟಿಯ ಅಂಚಿನಂತೆ ಸಣ್ಣದಾಗಿ ಸಮನಾದ ಗರಗಸ, ನಾಲಗೆಯ ಕಡೆ ಅಗಲವಾದ ಬೂರ್ಲೆಟ್. ದೊಡ್ಡ ಬಿಳಿ ಶಾರ್ಕಿನ ಹಲ್ಲು ತೆಳು, ಗರಗಸ ಒರಟು ಮತ್ತು ಏರುಪೇರು, ಬೂರ್ಲೆಟ್ ಕಾಣದು. ಮರಿ ಮೆಗಲೊಡಾನ್‌ಗಳಿಗೂ ಹಲ್ಲಿತ್ತು ಎಂಬುದನ್ನು ಮರೆಯಬೇಡಿ: ಎರಡು ಸೆಂ.ಮೀ.ನ ಗಿಡ್ಡ, ದಪ್ಪ ಬೇರಿನ ಹಲ್ಲಿನಲ್ಲಿ ಬೂರ್ಲೆಟ್ ಇದ್ದರೆ ಎಸೆಯುವ ಮುಂಚೆ ಮತ್ತೊಮ್ಮೆ ನೋಡಿ. ಅಳೆಯುವುದು ತುದಿಯಿಂದ ಬೇರಿನ ದೂರದ ಮೂಲೆಗೆ, ಓರೆಯಾಗಿ.

ಶಾರ್ಕಿನದಲ್ಲದವು ಹಲವು ಬರುತ್ತವೆ. ಉದ್ದುದ್ದ ಗೆರೆಯ, ಬಾಚಣಿಗೆಯಂಥ ಪಟ್ಟಿ ತೊರಕೆ ಮೀನಿನ ಅರೆಯುವ ಹಲ್ಲು. ಗುಂಡಗೆ ಕರಿಮೆಣಸಿನಂತಿರುವುದು ಬೇರೆ ಮೀನುಗಳ ಗಂಟಲ ಹಲ್ಲು. ಶಂಕುವಿನಂತೆ ಒಳಗೆ ಟೊಳ್ಳಾದದ್ದು ಮೊಸಳೆಯದು.

1666ರಲ್ಲಿ ಇಟಲಿಯ ಲಿವೋರ್ನೋ ಬಳಿ ಹಿಡಿದ ದೊಡ್ಡ ಶಾರ್ಕಿನ ತಲೆ ಡೆನ್ಮಾರ್ಕಿನ ಅಂಗರಚನಾ ವಿಜ್ಞಾನಿ ನಿಕೊಲಾಸ್ ಸ್ಟೆನೋ ಕೈಗೆ ಬಂತು. ಜನ ಆಗ ವಿಷಹಾರಿ ಎಂದು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ "ನಾಲಗೆ ಕಲ್ಲು" ಶಾರ್ಕ್ ಹಲ್ಲೇ ಎಂದು ಆತ ವಾದಿಸಿದ್ದು ಹೀಗೆಯೇ, ಹೊಸ ಹಲ್ಲನ್ನು ಹಳೆಯದರ ಪಕ್ಕ ಇಟ್ಟು ನೋಡಿ.

ತೊಳೆಯುವುದು, ಗಟ್ಟಿ ಮಾಡುವುದು

ನದಿಯ ಹಲ್ಲಿಗೆ ನೀರು, ಮೆತ್ತನೆಯ ಟೂತ್‌ಬ್ರಷ್ ಸಾಕು. ನೆರಳಲ್ಲಿ ನಿಧಾನ ಒಣಗಿಸಿ. ಬಿಸಿಲಿಗಿಟ್ಟರೆ ಮೆರುಗಿನ ಪದರ ಬಿರುಕು ಬಿಡುತ್ತದೆ. ವಿನೆಗರ್, ನಿಂಬೆರಸ ತಾಗಿಸಬೇಡಿ: ಅಪಟೈಟ್ ಆಮ್ಲದಲ್ಲಿ ಕರಗುತ್ತದೆ, ಹೋದ ಹೊಳಪು ಮರಳಿ ಬರುವುದಿಲ್ಲ. ಬ್ಲೀಚ್ ಬೇರನ್ನು ಪುಡಿಪುಡಿ ಮಾಡುತ್ತದೆ. ಎಣ್ಣೆ ಸವರಿದರೆ ಆ ದಿನ ಚೆನ್ನ, ವರ್ಷದೊಳಗೆ ಧೂಳು ಅಂಟು.

ಕಡಲತೀರದ ಹಲ್ಲಾದರೆ ಸಿಹಿನೀರಲ್ಲಿ ನೆನೆಹಾಕಿ, ನಾಲ್ಕೈದು ದಿನ ದಿನವೂ ನೀರು ಬದಲಿಸಿ. ಒಳಗುಳಿದ ಉಪ್ಪು ಒಣಗುತ್ತ ಹರಳುಗಟ್ಟಿ ಮೆರುಗನ್ನು ಎಬ್ಬಿಸುತ್ತದೆ.

ಬೇರು ಉದುರುತ್ತಿದ್ದರೆ ಮಾತ್ರ ಪ್ಯಾರಲಾಯ್ಡ್ ಬಿ-72 ಎಂಬ, ಗಟ್ಟಿ ಮಾಡುವ ಅಕ್ರಿಲಿಕ್ ರಾಳ. ಹರಳು 5 ಗ್ರಾಂ, ಅಸಿಟೋನ್ 95 ಮಿ.ಲೀ., ಗಾಜಿನ ಬಾಟಲಿ. ಹರಳನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡಿ, ತಳದಲ್ಲಿ ಬಿಟ್ಟರೆ ಮುದ್ದೆಯಾಗುತ್ತದೆ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಕೆಲಸ ಮಾಡಿ. ಪೂರ್ತಿ ಒಣಗಿದ ಹಲ್ಲನ್ನು ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆಯಿರಿ. ತೇವವಿದ್ದರೆ ಬೆಳ್ಳಗೆ ಮಂಜು ಕಟ್ಟುತ್ತದೆ. ಮುಂದೆಂದಾದರೂ ತೆಗೆಯಬೇಕಾದರೆ ಅಸಿಟೋನ್‌ನಲ್ಲೇ ಕರಗುತ್ತದೆ. ಸೂಪರ್‌ಗ್ಲೂ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಚೀಟಿ

ಬೇರಿನ ಮೇಲೆ ಅದೇ ಬಿ-72ರ ಪುಟ್ಟ ಪಟ್ಟೆ ಬಳಿದು, ಒಣಗಿದ ಮೇಲೆ ಬಿಳಿ ಶಾಯಿಯಲ್ಲಿ ಸಂಖ್ಯೆ ಬರೆಯಿರಿ. ಅದೇ ಸಂಖ್ಯೆ ಡಬ್ಬಿಯ ಚೀಟಿಯಲ್ಲೂ ಪುಸ್ತಕದಲ್ಲೂ ಇರಲಿ: ನದಿ, ಹತ್ತಿರದ ಊರು, ಜಿಪಿಎಸ್ ಅಂಕಿ, ದಿನಾಂಕ, ನೀರಿನ ಮಟ್ಟ, ಹೆಕ್ಕಿದವರ ಹೆಸರು, ನಿಮ್ಮ ಗುರುತಿಸುವಿಕೆ. ವಯಸ್ಸಿನ ಜಾಗದಲ್ಲಿ ಎಚ್ಚರ. ಈ ನದಿ ಮಯೋಸೀನ್ ಹಲ್ಲನ್ನೂ ಹಿಮಯುಗದ ಮ್ಯಾಮತ್ ಎಲುಬನ್ನೂ ಒಂದೇ ಜಲ್ಲಿಗೆ ಬೆರೆಸುತ್ತದೆ. ಪಕ್ಕದಲ್ಲಿ ಸಿಕ್ಕಿತು ಎಂಬ ಕಾರಣಕ್ಕೆ ಎರಡೂ ಒಂದೇ ಕಾಲದವು ಎಂದು ಬರೆಯಬೇಡಿ; "ನದಿ ಬೆರೆಸಿದ ಜಲ್ಲಿ" ಎಂದು ಬರೆಯಿರಿ.

ಬೇರೆ ಜಾಗಗಳು

ನದಿಗಿಳಿಯಲು ಮನಸ್ಸಿಲ್ಲದವರಿಗೆ ಫ್ಲೋರಿಡಾದ್ದೇ ವೆನಿಸ್ ಕಡಲತೀರವಿದೆ. ಇಳಿತದ ಹೊತ್ತಿನಲ್ಲಿ ಅಲೆ ಒಡೆಯುವ ಗೆರೆಯ ಚಿಪ್ಪುರಾಶಿಯನ್ನು ಉದ್ದ ಹಿಡಿಯ ತಂತಿಬುಟ್ಟಿಯಲ್ಲಿ ಬಾಚಿ ನೋಡುತ್ತಾರೆ. ಸಿಗುವುದು ಹೆಚ್ಚಾಗಿ ಒಂದೆರಡು ಸೆಂ.ಮೀ.ನವು. ತೊರಕೆ ಮೀನಿನ ಮುಳ್ಳು ತುಳಿಯದಿರಲು ಪಾದ ಎತ್ತದೆ ಎಳೆಯುತ್ತ ನಡೆಯಿರಿ. ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಕ್ಲಿಫ್ಸ್ ಸ್ಟೇಟ್ ಪಾರ್ಕ್‌ನಲ್ಲಿ ತೀರದಲ್ಲಿ ಬಿದ್ದದ್ದನ್ನು ಹೆಕ್ಕಬಹುದು. ಬಂಡೆಯ ಅಡಿಗೆ ಹೋಗುವುದು, ಅಗೆಯುವುದು ನಿಷಿದ್ಧ, ಏಕೆಂದರೆ ಅದು ಹೇಳದೆ ಕೇಳದೆ ಕುಸಿಯುತ್ತದೆ.

ಕರ್ನಾಟಕದಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳುವವರಿದ್ದಾರೆ. ಇಲ್ಲಿ ಹುಡುಕಿ ದಿನ ಕಳೆಯಬೇಡಿ. ಲಾಲ್‌ಬಾಗ್ ಬಂಡೆಯಂಥ ನಮ್ಮ ನೈಸ್ ಎಂಬ ಶಿಲೆಗೆ ಸುಮಾರು 300 ಕೋಟಿ ವರ್ಷ. ಕಲಾದಗಿ, ಭೀಮಾ ಕಣಿವೆಗಳ ಪದರಗಲ್ಲೂ ಮೀನುಗಳೇ ಹುಟ್ಟದ ಕಾಲದ್ದು. ಉತ್ತರದ ಕರಿಗಲ್ಲು ಲಾವಾ. ಪಕ್ಕದ ತಮಿಳುನಾಡಿನ ಅರಿಯಲೂರು ಸೀಮೆಯ ಕ್ರಿಟೇಶಿಯಸ್ (ಡೈನೋಸಾರ್‌ಗಳ ಕೊನೆಯ ಯುಗದ) ಪದರಗಳಲ್ಲಿ, ಒಡಿಶಾದ ಬಾರಿಪದಾ ಬಳಿ ಬುಢಾಬಲಂಗ ನದಿಯ ದಡದ ಮಯೋಸೀನ್ ಪದರಗಳಲ್ಲಿ, ಗುಜರಾತಿನ ಕಚ್ಛ್‌ನಲ್ಲಿ ಶಾರ್ಕ್ ಹಲ್ಲುಗಳು ದಾಖಲಾಗಿವೆ. ಅವು ಸಂಶೋಧನೆಗೆ ಬೇಕಾದ ಜಾಗಗಳು, ಹವ್ಯಾಸಕ್ಕೆ ಬರಿದು ಮಾಡುವಂಥವಲ್ಲ. ಅಲ್ಲಿ ಹಲ್ಲು ಕಂಡರೆ ಕೀಳಬೇಡಿ. ಪಕ್ಕದಲ್ಲಿ ನಾಣ್ಯವಿಟ್ಟು ಹತ್ತಿರದಿಂದ ಒಂದು, ಇಡೀ ಪದರ ಕಾಣುವಂತೆ ದೂರದಿಂದ ಒಂದು ಫೋಟೋ ತೆಗೆದು, ಜಿಪಿಎಸ್ ಅಂಕಿಯೊಂದಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಅಥವಾ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಕಳಿಸಿ.